ಹಳೆಯ ಕಂಪ್ರೆಶನ್ ಡ್ರೈವರ್: ಪರೀಕ್ಷೆ, ಶುಚಿ, ಡಯಾಫ್ರಮ್ ಬದಲಾವಣೆ

ಆಲ್ಟೆಕ್ 802, ಜೆಬಿಎಲ್ ಎಲ್‌ಇ85, 2420. ಹಾರ್ನ್‌ನ ಹಿಂದೆ ಕೂತು ಸದ್ದು ಹುಟ್ಟಿಸುವ ಇಂಥ ಕಂಪ್ರೆಶನ್ ಡ್ರೈವರುಗಳ ಜೋಡಿಯೊಂದು ಕೈಗೆ ಬಂದ ಕೂಡಲೇ ಹೆಚ್ಚಿನವರು ಸ್ಕ್ರೂಡ್ರೈವರ್ ಹುಡುಕುತ್ತಾರೆ, ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ಇಣುಕುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ದಶಕಗಳ ಕಾಲ ಮುಚ್ಚಿಕೊಂಡೇ ಇದ್ದ ಡ್ರೈವರಿನ ಒಳಗೆ ಕಸ ಸೇರುವುದು ಬಹುಪಾಲು ಬಿಚ್ಚಿದ ದಿನವೇ. ಒಂದು ಮಲ್ಟಿಮೀಟರ್, ಒಂದು 100 ಓಮ್ ರೆಸಿಸ್ಟರ್, ಟೋನ್ ಜನರೇಟರ್ ಆ್ಯಪ್ ಇರುವ ಫೋನು, ಸಣ್ಣ ಆಂಪ್ಲಿಫೈಯರ್ ಇದ್ದರೆ ಒಳಗಿನ ಸ್ಥಿತಿಯನ್ನು ಹೊರಗಿನಿಂದಲೇ ಬಹುಮಟ್ಟಿಗೆ ತಿಳಿದುಕೊಳ್ಳಬಹುದು.

ಇಲ್ಲಿ ಹೇಳುವುದು ಮುಖ್ಯವಾಗಿ 1 ಇಂಚಿನ ಬಾಯಿ, ಒಂದೂ ಮುಕ್ಕಾಲು ಇಂಚಿನ (ಸುಮಾರು 44 ಮಿ.ಮೀ.) ಅಲ್ಯೂಮಿನಿಯಂ ಡೋಮ್ (ಕಂಪಿಸಿ ಸದ್ದು ಹೊರಡಿಸುವ ಡಯಾಫ್ರಮ್‌ನ ಗುಮ್ಮಟ), ಆಲ್ನಿಕೊ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ಲೋಹ) ಮ್ಯಾಗ್ನೆಟ್ ಇರುವ ಡ್ರೈವರುಗಳ ವಿಷಯ. 4 ಇಂಚಿನ ಡೋಮ್‌ನ ಜೆಬಿಎಲ್ 375, 2440, 2441 ಬೇರೆಯಾಗುವ ಕಡೆ ಅದನ್ನೂ ಹೇಳಿದೆ. 1926ರಲ್ಲಿ ಟಾಕಿ ಚಿತ್ರಗಳ ಜತೆ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ 555ರಂಥ ಫೀಲ್ಡ್ ಕಾಯಿಲ್ ಡ್ರೈವರುಗಳು ಬೇರೆಯದೇ ಜಾತಿ. ಅವುಗಳ ಮ್ಯಾಗ್ನೆಟ್‌ಗೇ ಪ್ರತ್ಯೇಕ ಡಿಸಿ ಬೇಕು (555ಕ್ಕೆ 7 ವೋಲ್ಟ್, 1.5 ಆಂಪಿಯರ್). ಈ ಲೇಖನ ಅವುಗಳಿಗೆ ಅನ್ವಯಿಸುವುದಿಲ್ಲ.

ಒಳಗೆ ಏನಿದೆ

ಹಿಂದಿನ ಮುಚ್ಚಳ ತೆಗೆದರೆ ಕಾಣುವುದು ಡೋಮ್‌ನ ಉಬ್ಬಿದ ಬೆನ್ನು. ಸದ್ದು ಹೊರಡುವುದು ಅದರ ತಗ್ಗಿದ ಹೊಟ್ಟೆಯ ಕಡೆಯಿಂದ. ಅಲ್ಲಿ ಡೋಮ್‌ನ ಆಕಾರಕ್ಕೇ ಕಡೆದ ಫೇಸ್ ಪ್ಲಗ್ ಕೂತಿರುತ್ತದೆ. ಅದರ ಸಂದುಗಳ ಮೂಲಕ ಸದ್ದು ನಡುವಿನ ಕೊಳವೆಗೆ ಹೋಗಿ ಹಾರ್ನ್ ಸೇರುತ್ತದೆ. ಡೋಮ್‌ಗೂ ಪ್ಲಗ್‌ಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಡೋಮ್‌ಗೆ ಅಂಟಿದ ತಂತಿಸುರುಳಿ (ವಾಯ್ಸ್ ಕಾಯಿಲ್) ಓಡಾಡುವ ಗ್ಯಾಪ್ ಸುಮಾರು ಒಂದು ಮಿಲಿಮೀಟರ್, ಅದರಲ್ಲಿ ಕಾಯಿಲ್‌ನ ದಪ್ಪ ಕಳೆದರೆ ಉಳಿಯುವುದು ಎರಡೂ ಬದಿಗೆ ಕೂದಲೆಳೆಯಷ್ಟು. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಎರಡು ಅಳತೆಗಳಿಂದ ಹುಟ್ಟಿದವು. ಡೋಮ್ ಮೇಲಿನ ಸಣ್ಣ ತಗ್ಗು ನೋಡಲು ಏನೂ ಅನ್ನಿಸದಿರಬಹುದು. ಆದರೆ ಅದು ಪ್ಲಗ್‌ನ ಕಡೆಗೇ ತಗ್ಗಿದ್ದರಿಂದ ವಾಲ್ಯೂಮ್ ಏರಿದಾಗ ಹೋಗಿ ಬಡಿಯುತ್ತದೆ.

ಡಯಾಫ್ರಮ್ ತೆಗೆದರೆ ಮ್ಯಾಗ್ನೆಟ್‌ಗೆ ಏನೂ ಆಗದು. ಆದರೆ ಮ್ಯಾಗ್ನೆಟ್ ಕೂತಿರುವ ಪಾತ್ರೆ, ಮೇಲಿನ ಕಬ್ಬಿಣದ ಪ್ಲೇಟ್, ನಡುವಿನ ಪೋಲ್ ಪೀಸ್ ಇವುಗಳಲ್ಲಿ ಯಾವುದನ್ನೂ ಕದಲಿಸಬೇಡಿ. ಆಲ್ನಿಕೊಗೆ ಕಾಂತಶಕ್ತಿ ಹೆಚ್ಚು, ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಸುತ್ತಲಿನ ಕಬ್ಬಿಣದ ದಾರಿ ತೆರೆದುಕೊಂಡರೆ ಅದು ತಾನಾಗಿ ದುರ್ಬಲವಾಗುತ್ತದೆ. ಮತ್ತೆ ಜೋಡಿಸಿದರೂ ಕಳೆದದ್ದು ವಾಪಸ್ ಬರುವುದಿಲ್ಲ. ಪೂರ್ತಿ ಜೋಡಿಸಿದ ಮೇಲೆ ಮ್ಯಾಗ್ನೆಟೈಸರ್‌ನಲ್ಲಿ ಇಟ್ಟು ಚಾರ್ಜ್ ಮಾಡಿಸಬೇಕು, ಆ ಯಂತ್ರ ಬೀದಿಬೀದಿಯಲ್ಲಿ ಸಿಗುವಂಥದ್ದಲ್ಲ. 1978ರ ಕೋಬಾಲ್ಟ್ ಬಿಕ್ಕಟ್ಟಿನ ನಂತರ ಕಂಪನಿಗಳು ಆಲ್ನಿಕೊ ಬಿಟ್ಟು ಫೆರೈಟ್‌ಗೆ ಹೋದವು. ಜೆಬಿಎಲ್ 2425, 2445 ಆ ಕಾಲದವು. ಫೆರೈಟ್ ಈ ವಿಷಯದಲ್ಲಿ ಗಟ್ಟಿ, ಆದರೂ ಬಿಚ್ಚುವ ಕಾರಣವಿಲ್ಲ.

ಬಿಚ್ಚದೆ ಮಾಡುವ ಪರೀಕ್ಷೆಗಳು

ಮೊದಲು ಡಿಸಿ ರೆಸಿಸ್ಟೆನ್ಸ್. 16 ಓಮ್ ಎಂದು ಬರೆದಿರುವ ಡಯಾಫ್ರಮ್ ಮೀಟರಿನಲ್ಲಿ ಸಾಮಾನ್ಯವಾಗಿ 8ರಿಂದ 12, 8 ಓಮ್‌ನದು 4ರಿಂದ 6.5 ತೋರಿಸುತ್ತದೆ. ಮೀಟರ್ ವೈರುಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಓಮನ್ನು ಕಳೆಯಲು ಮರೆಯಬೇಡಿ. ಸಂಖ್ಯೆಗಿಂತ ಮುಖ್ಯವಾದದ್ದು ಜೋಡಿಯ ಹೊಂದಿಕೆ: ಎರಡರ ನಡುವೆ ಅರ್ಧ ಓಮ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಂದರ ಡಯಾಫ್ರಮ್ ಬೇರೆಯದು ಎಂದು ಅನುಮಾನಿಸಿ. ಮೀಟರ್ ಇಟ್ಟುಕೊಂಡೇ ಡ್ರೈವರಿನ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಂಕೆ ಕುಣಿದರೆ ಟರ್ಮಿನಲ್‌ನಿಂದ ಕಾಯಿಲ್‌ಗೆ ಹೋಗುವ ಎಳೆ ಬಿರುಕು ಬಿಟ್ಟಿದೆ, ಇಲ್ಲವೆ ಟರ್ಮಿನಲ್ ಸಡಿಲವಾಗಿದೆ.

ಎರಡನೆಯದು ಇಂಪಿಡೆನ್ಸ್, ಅಂದರೆ ಎಸಿಗೆ ಡ್ರೈವರ್ ಒಡ್ಡುವ ತಡೆ. ಡ್ರೈವರನ್ನು ಹಾರ್ನ್‌ಗೆ ಕೂರಿಸಿ. ಆಂಪ್ಲಿಫೈಯರ್‌ನಿಂದ ಬರುವ ವೈರಿಗೆ 100 ಓಮ್, 5 ವಾಟ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ ಡ್ರೈವರಿಗೆ ಕೊಡಿ. 1000 ಹರ್ಟ್ಸ್ ಟೋನ್ ಹಾಕಿ, ರೆಸಿಸ್ಟರ್ ಮೇಲಿನ ಎಸಿ ವೋಲ್ಟೇಜ್ ಮತ್ತು ಡ್ರೈವರ್ ಮೇಲಿನ ಎಸಿ ವೋಲ್ಟೇಜ್ ಎರಡನ್ನೂ ಅಳೆಯಿರಿ. ಡ್ರೈವರ್ ವೋಲ್ಟೇಜನ್ನು ರೆಸಿಸ್ಟರ್ ವೋಲ್ಟೇಜಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಓಮ್ ಸಿಗುತ್ತದೆ. ರೆಸಿಸ್ಟರ್ ಮೇಲೆ 1.6 ವೋಲ್ಟ್, ಡ್ರೈವರ್ ಮೇಲೆ 0.2 ವೋಲ್ಟ್ ಬಂದರೆ 12.5 ಓಮ್. ಅಗ್ಗದ ಮೀಟರುಗಳು 1000 ಹರ್ಟ್ಸ್‌ನಲ್ಲಿ ತಪ್ಪು ತೋರಿಸುವುದುಂಟು. ಎರಡನ್ನೂ ಒಂದೇ ರೇಂಜಿನಲ್ಲಿ ಅಳೆದರೆ ಆ ತಪ್ಪು ಭಾಗಾಕಾರದಲ್ಲಿ ಬಹುತೇಕ ಹೊಡೆದುಹೋಗುತ್ತದೆ. ಇದಕ್ಕೆ 2 ವೋಲ್ಟ್ ಎಸಿ ರೇಂಜ್ ಇರುವ ಮೀಟರ್ ಬೇಕು, 200 ವೋಲ್ಟಿನಿಂದ ಶುರುವಾಗುವ ಮೀಟರ್ ಸಾಲದು.

500, 630, 800, 1000, 1250, 1600, 2000 ಹರ್ಟ್ಸ್‌ನಲ್ಲಿ ಇದನ್ನೇ ಮಾಡಿ, ಎರಡೂ ಡ್ರೈವರುಗಳ ಅಂಕೆಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಎರಡನ್ನೂ ಅದೇ ಒಂದು ಹಾರ್ನ್‌ಗೆ ಕೂರಿಸಿ ಅಳೆಯಬೇಕು, ಏಕೆಂದರೆ ಏರಿಳಿತದ ಆಕಾರದಲ್ಲಿ ಹಾರ್ನ್‌ನ ಪಾಲು ದೊಡ್ಡದು. ಡಿಸಿ ಸರಿಯಿದ್ದು ಇಂಪಿಡೆನ್ಸ್ ಎಲ್ಲ ಕಡೆ ಚಪ್ಪಟೆಯಾಗಿ, ಡಿಸಿಯ ಹತ್ತಿರವೇ ನಿಂತಿದ್ದರೆ ಕಾಯಿಲ್ ಗ್ಯಾಪಿನಲ್ಲಿ ಸಿಕ್ಕಿಕೊಂಡಿದೆ, ಇಲ್ಲವೆ ಒಳಗಿನ ಸುತ್ತುಗಳು ಶಾರ್ಟ್ ಆಗಿವೆ. ಒಂದರ ಶಿಖರ ಇನ್ನೊಂದಕ್ಕಿಂತ ಶೇ 10ಕ್ಕಿಂತ ಹೆಚ್ಚು ಸರಿದಿದ್ದರೆ ಡಯಾಫ್ರಮ್‌ನ ಅಂಚು ಗಡುಸಾಗಿದೆ, ಬಿರಿದಿದೆ, ಅಥವಾ ಬೇರೆ ಕಂಪನಿಯದು.

ಮೂರನೆಯದು ಕಿವಿಯ ಪರೀಕ್ಷೆ. ಹಾರ್ನ್ ಇಲ್ಲದೆ ಟೋನ್ ಕೊಡಬೇಡಿ. ಹಾರ್ನ್‌ನೊಳಗಿನ ಗಾಳಿಯ ಭಾರವೇ ಡೋಮ್‌ನ ಓಡಾಟಕ್ಕೆ ಲಗಾಮು. ಅದು ಇಲ್ಲದಿದ್ದರೆ ಡೋಮ್ ಪ್ಲಗ್‌ಗೆ ಬಡಿಯುತ್ತದೆ. ರೆಸಿಸ್ಟರ್ ತೆಗೆದು, ಡ್ರೈವರ್ ಮೇಲೆ 1 ವೋಲ್ಟ್ ಮೀರದಂತೆ ಇಟ್ಟುಕೊಳ್ಳಿ. 16 ಓಮ್‌ಗೆ ಅದು ವಾಟ್‌ನ ಹದಿನಾರನೆಯ ಒಂದು ಪಾಲು ಮಾತ್ರ. ಒಂದು ವಾಟ್‌ಗೆ 105 ಡೆಸಿಬೆಲ್ ಕೊಡುವ ಡ್ರೈವರಿನಲ್ಲಿ ಅದೇ ಒಂದು ಮೀಟರ್ ದೂರದಲ್ಲಿ 93 ಡೆಸಿಬೆಲ್ ಆಗುತ್ತದೆ. ಕೋಣೆಯೊಳಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. 2000 ಹರ್ಟ್ಸ್‌ನಿಂದ ನಿಧಾನವಾಗಿ 500ರ ತನಕ ಇಳಿಸಿ. ಕರಕರ ಎಂದರೆ ಕಾಯಿಲ್ ಗ್ಯಾಪಿನ ಗೋಡೆಗೆ ಉಜ್ಜುತ್ತಿದೆ ಅಥವಾ ಕಸ ಇದೆ. ಯಾವುದೋ ಒಂದೇ ಫ್ರೀಕ್ವೆನ್ಸಿಯಲ್ಲಿ ಝೀ ಎಂದರೆ ಡೋಮ್‌ನಲ್ಲಿ ಬಿರುಕು, ಇಲ್ಲವೆ ಮುಚ್ಚಳದ ಸ್ಕ್ರೂ ಸಡಿಲ. ಮೊದಲು ಹಾರ್ನ್‌ನ ಬೋಲ್ಟುಗಳನ್ನೇ ನೋಡಿ, ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಮೂರರಲ್ಲೂ ಎರಡು ಡ್ರೈವರುಗಳು ಒಂದೇ ರೀತಿ ನಡೆದುಕೊಂಡರೆ ಬಿಚ್ಚಬೇಡಿ.

ಇದಕ್ಕೆ ಒಂದು ಅಪವಾದ ಇದೆ. ಜೆಬಿಎಲ್ 375, 2440, 2441ರ ಹಿಂದಿನ ಮುಚ್ಚಳದೊಳಗೆ ಅಂಟಿಸಿರುವ ಫೋಮ್ ವರ್ಷ ಕಳೆದಂತೆ ಕೊಳೆತು ಅಂಟಂಟಾದ ಪುಡಿಯಾಗಿ ಡೋಮ್ ಮೇಲೆ ಉದುರುತ್ತದೆ. ಇವುಗಳ ಮುಚ್ಚಳವನ್ನು ಒಮ್ಮೆ ತೆಗೆದು ನೋಡಲೇಬೇಕು. ಮುಚ್ಚಳವನ್ನು ಡ್ರೈವರಿನಿಂದ ದೂರ ಒಯ್ದು, ಹಳೆಯ ಫೋಮನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅದೇ ದಪ್ಪದ ಹೊಸ ಫೋಮ್ ಅಥವಾ ಫೆಲ್ಟ್ ಅಂಟಿಸಿ. ಅಂಟು ಪೂರ್ತಿ ಒಣಗಿದ ಮೇಲೆಯೇ ಮುಚ್ಚಿ.

ಬಿಚ್ಚಲೇಬೇಕಾದರೆ

ಮೊದಲ ಸಲದವರು ಮೈಕ್ ಸೆಟ್‌ನವರ ಹತ್ತಿರ ಬಿದ್ದಿರುವ, ಕಾಯಿಲ್ ಸುಟ್ಟ ಹಾರ್ನ್ ಯೂನಿಟ್ ಒಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಜಾತ್ರೆಯಲ್ಲಿ ಕೂಗುವ ಆ ಯೂನಿಟ್ಟೂ ಕಂಪ್ರೆಶನ್ ಡ್ರೈವರೇ. ಅದರ ಡಯಾಫ್ರಮ್ ಒರಟು, ಬೆಲೆ ಕಡಿಮೆ, ಕೆಲಸದ ಕ್ರಮ ಒಂದೇ.

ಮೇಜಿನ ಮೇಲೆ ಬಿಳಿ ಕಾಗದ ಹಾಸಿ. ಗ್ರೈಂಡರ್, ಡ್ರಿಲ್ ಓಡಿಸುವ ಮೇಜು ಬೇಡ. ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ನೇರವಾಗಿ ಗ್ಯಾಪಿಗೆ ಹೋಗುತ್ತದೆ. ಬೇಕಾಗುವ ಸಾಮಾನು: ಕಾಂತಕ್ಕೆ ಅಂಟದ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಎರಡು ಬದಿ ಅಂಟಿರುವ ಟೇಪ್, ಗಟ್ಟಿ ವಿಸಿಟಿಂಗ್ ಕಾರ್ಡುಗಳು, ಟಾರ್ಚ್, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ, ಮಾರ್ಕರ್.

ಮಾಮೂಲಿ ಉಕ್ಕಿನ ಸ್ಕ್ರೂಡ್ರೈವರ್ ಏಕೆ ಬೇಡ ಎಂದರೆ, ಮುಚ್ಚಳ ತೆಗೆದ ಮೇಲೆ ಗ್ಯಾಪಿನ ಸುತ್ತ ಸೆಳೆತ ಭೀಕರ. 375ರ ಗ್ಯಾಪಿನಲ್ಲಿ ಕಂಪನಿ ಹೇಳಿದ ಅಂಕೆ 20,500 ಗೌಸ್. ಚಿಕ್ಕ ಡ್ರೈವರುಗಳದು ಅದಕ್ಕಿಂತ ಕಡಿಮೆಯಾದರೂ ನಿಮ್ಮ ಕೈಗಿಂತ ಬಲ ಹೆಚ್ಚು. ಡಯಾಫ್ರಮ್ ಚೌಕಟ್ಟಿನ ಸ್ಕ್ರೂ ತಿರುಗಿಸುವಾಗ ಉಕ್ಕಿನ ತುದಿ ಸ್ಕ್ರೂವಿನ ಸೀಳಿನಿಂದ ಒಮ್ಮೆ ಜಾರಿದರೆ ಸಾಕು, ಪಕ್ಕಕ್ಕೆ ಎಳೆದುಕೊಂಡು ಹೋಗಿ ಡೋಮ್‌ಗೆ ಚುಚ್ಚುತ್ತದೆ. ಆ ಹಾಳೆ ಬಹಳ ತೆಳು. ಹಿತ್ತಾಳೆ ಅಥವಾ ಬೆರಿಲಿಯಂ ತಾಮ್ರದ ಸ್ಕ್ರೂಡ್ರೈವರ್ ಸಿಗದಿದ್ದರೆ, ತುದಿಯೊಂದನ್ನು ಬಿಟ್ಟು ಉಳಿದ ಉಕ್ಕಿಗೆ ದಪ್ಪ ಪ್ಲಾಸ್ಟಿಕ್ ಕೊಳವೆ ಹಾಕಿ, ಎಡಗೈ ಬೆರಳುಗಳಿಂದ ಬುಡದಲ್ಲಿ ಹಿಡಿದು ತಿರುಗಿಸಿ. ಡೋಮ್ ಮೇಲೆ ಬೋರಲಾಗಿ ಒಂದು ಪ್ಲಾಸ್ಟಿಕ್ ಲೋಟ ಇಟ್ಟುಕೊಳ್ಳುವುದೂ ಜಾಣತನ.

1. ಮುಚ್ಚಳ, ಚೌಕಟ್ಟು, ಬಾಡಿ ಮೂರರ ಮೇಲೂ ಒಂದೇ ಸಾಲಿನಲ್ಲಿ ಮಾರ್ಕರ್‌ನಿಂದ ಗೆರೆ ಹಾಕಿ. ಮುಚ್ಚಳವನ್ನು ನೇರ ಮೇಲಕ್ಕೆ ಎತ್ತಿ. ಕೆಲವು ಮಾದರಿಗಳಲ್ಲಿ ಟರ್ಮಿನಲ್ ವೈರು ಅದಕ್ಕೇ ಕಟ್ಟಿಕೊಂಡಿರುತ್ತದೆ.

2. ಚೌಕಟ್ಟಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ ತೆಗೆಯಿರಿ. ಚೌಕಟ್ಟಿನ ಅಂಚನ್ನು ಎರಡು ಕಡೆ ಉಗುರಿನಿಂದ ಒಟ್ಟಿಗೆ ಎಬ್ಬಿಸಿ. ಒಂದೇ ಬದಿ ಎತ್ತಿದರೆ ಕಾಯಿಲ್ ಓರೆಯಾಗಿ ಗೋಡೆಗೆ ಕೆರೆಯುತ್ತದೆ. ಹೊರಬಂದದ್ದನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಮ್ಯಾಗ್ನೆಟ್‌ನಿಂದ ದೂರ ಇಡಿ.

3. ಟಾರ್ಚ್ ಬೆಳಕನ್ನು ಡೋಮ್‌ನ ಹಿಂದಿನಿಂದ ಬಿಡಿ. ಅಂಚಿನ ಮಡಿಕೆಗಳಲ್ಲಿ ಬೆಳಕಿನ ಎಳೆ ಕಂಡರೆ ಅದು ಬಿರುಕು, ಡಯಾಫ್ರಮ್ ಮುಗಿಯಿತು. ಕಾಯಿಲ್ ಮೇಲೆ ಒಂದೇ ಬದಿಗೆ ಹೊಳೆಯುವ ಉಜ್ಜಿದ ಗುರುತು ಇದ್ದರೆ ಕೂರಿಸಿದ್ದು ನಡುವಿನಲ್ಲಿಲ್ಲ. ಸುತ್ತಲೂ ಕಪ್ಪಾಗಿದ್ದರೆ ಸುಟ್ಟಿದೆ.

4. ಗ್ಯಾಪ್ ಶುಚಿ. ವಿಸಿಟಿಂಗ್ ಕಾರ್ಡನ್ನು ಬೆರಳಗಲ ಕತ್ತರಿಸಿ, ಎರಡೂ ಬದಿಗೆ ಅಂಟು ಹೊರಮುಖವಾಗಿ ಬರುವಂತೆ ಟೇಪ್ ಸುತ್ತಿ, ಗ್ಯಾಪಿಗೆ ಇಳಿಸಿ, ಸ್ವಲ್ಪ ಸರಿಸಿ ಮೇಲೆತ್ತಿ. ಟೇಪ್ ಸ್ವಚ್ಛವಾಗಿ ಬರುವವರೆಗೆ ಹೊಸ ಹೊಸ ತುಂಡಿನಿಂದ ಪೂರ್ತಿ ಸುತ್ತು ಮಾಡಿ. ಗಾಳಿ ಊದಬೇಡಿ. ಕಬ್ಬಿಣದ ಚೂರು ಗಾಳಿಗೆ ಮ್ಯಾಗ್ನೆಟ್ ಬಿಟ್ಟು ಬರುವುದಿಲ್ಲ. ಬಂದರೂ ಫೇಸ್ ಪ್ಲಗ್‌ನ ಸಂದಿಗೆ ಹೋಗಿ ಕೂರುತ್ತದೆ. ತುಕ್ಕಿದ್ದರೆ ತೆಳು ಹಿತ್ತಾಳೆ ಪಟ್ಟಿಯಿಂದ ಮೆಲ್ಲಗೆ ಕೆರೆದು ಮತ್ತೆ ಟೇಪ್. ಮರಳು ಕಾಗದ ಬೇಡ, ತುಕ್ಕು ಬಿಡಿಸುವ ಸ್ಪ್ರೇ ಅಂತೂ ಹತ್ತಿರ ತರಬೇಡಿ: ಅದು ಒಳಗಿನ ಅಂಟಿಗೆ ಇಳಿಯುತ್ತದೆ.

5. ಬಾಯಿಯನ್ನು ಕೆಳಮುಖ ಮಾಡಿ, ಹಿಂದಿನಿಂದ ಬೆಳಕು ಬಿಟ್ಟು ಫೇಸ್ ಪ್ಲಗ್‌ನ ಸಂದುಗಳೆಲ್ಲ ತೆರೆದಿವೆಯೇ ನೋಡಿ. ನಮ್ಮ ಕಡೆ ಬಯಲಲ್ಲಿ ಬಿದ್ದಿದ್ದ ಹಾರ್ನ್‌ಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವೇನಲ್ಲ. ಬಿದಿರಿನ ಕಡ್ಡಿಯಿಂದ ಕೆಳಕ್ಕೆ ಉದುರುವಂತೆಯೇ ಬಿಡಿಸಿ.

6. ಕೂರಿಸುವಾಗ ಮಾರ್ಕರ್ ಗೆರೆ ಹೊಂದಿಸಿ, ಚೌಕಟ್ಟನ್ನು ನೇರವಾಗಿ ಇಳಿಸಿ. ದಾರಿ ತೋರಿಸುವ ಪಿನ್ ಇರುವ ಮಾದರಿಗಳಲ್ಲಿ ಅದು ತಾನಾಗಿ ನಡುವಿಗೆ ಬರುತ್ತದೆ. ಪಿನ್ ಇಲ್ಲದವುಗಳಲ್ಲಿ ಸ್ಕ್ರೂ ರಂಧ್ರದ ಸಡಿಲವೇ ಹೊಂದಿಸುವ ಜಾಗ. ಸ್ಕ್ರೂಗಳನ್ನು ಅರ್ಧ ಬಿಗಿದು, ಡ್ರೈವರನ್ನು ಹಾರ್ನ್‌ಗೆ ಸೇರಿಸಿ, ಅರ್ಧ ವೋಲ್ಟ್‌ನಷ್ಟು ಟೋನ್ ಕೊಟ್ಟು 500ರಿಂದ 1000 ಹರ್ಟ್ಸ್ ನಡುವೆ ಓಡಿಸುತ್ತ, ಚೌಕಟ್ಟಿನ ಅಂಚನ್ನು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ನಾಲ್ಕೂ ಬದಿಯಿಂದ ಮೆಲ್ಲಗೆ ತಟ್ಟಿ. ಸದ್ದು ಶುದ್ಧವಾದ ಕಡೆ ನಿಲ್ಲಿಸಿ, ಎದುರುಬದುರು ಕ್ರಮದಲ್ಲಿ ಕೈಬಿಗಿಗೆ ಬಿಗಿಯಿರಿ. ಬಿಗಿಯುವಾಗಲೇ ಚೌಕಟ್ಟು ಸರಿಯುವುದುಂಟು, ಹಾಗಾಗಿ ಪ್ರತಿ ಸ್ಕ್ರೂ ಆದ ಮೇಲೂ ಟೋನ್ ಕೇಳಿ.

ಎಷ್ಟು ತಟ್ಟಿದರೂ ಎಲ್ಲಿಟ್ಟರೂ ಉಜ್ಜುವ ಸದ್ದು ಹೋಗದಿದ್ದರೆ ತಪ್ಪು ಡಯಾಫ್ರಮ್‌ನದಲ್ಲದಿರಬಹುದು. ಎರಡು ಡ್ರೈವರುಗಳ ಡಯಾಫ್ರಮ್ ಅದಲುಬದಲು ಮಾಡಿ ನೋಡಿ. ತೊಂದರೆ ಡಯಾಫ್ರಮ್ ಜತೆ ಹೋದರೆ ಅದರದು. ಬಾಡಿಯಲ್ಲೇ ಉಳಿದರೆ ಆ ಡ್ರೈವರ್ ಎಂದೋ ಕೆಳಗೆ ಬಿದ್ದಿದೆ, ಪೋಲ್ ಪೀಸ್ ಅಥವಾ ಪ್ಲೇಟ್ ಸರಿದಿದೆ. ಅದು ಮೇಜಿನ ಮೇಲೆ ಆಗುವ ರಿಪೇರಿಯಲ್ಲ. ಇದೇ ಅದಲುಬದಲು ಮ್ಯಾಗ್ನೆಟ್ ಪರೀಕ್ಷೆಗೂ ಸರಿ: ಒಂದೇ ಹಾರ್ನ್, ಒಂದೇ ದೂರದಲ್ಲಿ ಮೈಕ್, ಒಂದೇ ವೋಲ್ಟೇಜ್. ಡಯಾಫ್ರಮ್ ಬದಲಿಸಿದ ಮೇಲೂ ಒಂದು ಬಾಡಿ 2 ಡೆಸಿಬೆಲ್‌ಗಿಂತ ಹೆಚ್ಚು ಹಿಂದುಳಿದರೆ ಅದರ ಆಲ್ನಿಕೊ ಸೊರಗಿದೆ.

ಹೊಸ ಡಯಾಫ್ರಮ್ ಕೊಳ್ಳುವ ಮುಂಚೆ

ಬಿರುಕಿಲ್ಲದ, ಉಜ್ಜದ ಹಳೆಯ ಅಸಲಿ ಅಲ್ಯೂಮಿನಿಯಂ ಡಯಾಫ್ರಮ್, ಮಿರಿಮಿರಿ ಮಿಂಚುವ ಅಗ್ಗದ ಹೊಸದಕ್ಕಿಂತ ಮೇಲು. ನಕಲಿಗಳಲ್ಲಿ ಡೋಮ್‌ನ ಬಾಗು, ಕಾಯಿಲ್‌ನ ಎತ್ತರ, ಚೌಕಟ್ಟಿನ ದಪ್ಪ ಸ್ವಲ್ಪಸ್ವಲ್ಪ ಬೇರೆ ಇರುತ್ತವೆ. ಪ್ಲಗ್‌ಗೂ ಡೋಮ್‌ಗೂ ನಡುವಿನ ಅಂತರ ಬದಲಾದರೆ ಮೇಲಿನ ಸ್ವರಗಳೆಲ್ಲ ಬದಲಾದಂತೆ. ನಕಲಿ ಹಾಕಲೇಬೇಕಾದರೆ ಜೋಡಿಗೂ ಹಾಕಿ, ಚೆನ್ನಾಗಿರುವ ಹಳೆಯದನ್ನು ಎತ್ತಿಡಿ. ಟೈಟಾನಿಯಂ ಗಟ್ಟಿ, ಹೊಡೆತ ತಾಳುತ್ತದೆ, ಆರ್ಕೆಸ್ಟ್ರಾ ಸೆಟ್‌ಗೆ ಸರಿ. ಮನೆಯಲ್ಲಿ ಕೇಳುವವರಿಗೆ ಅಲ್ಯೂಮಿನಿಯಂ ಹಿತ.

8 ಓಮ್, 16 ಓಮ್ ಬದಲಿಸುವಾಗ ಕ್ರಾಸ್‌ಓವರ್ (ವೂಫರಿಗೂ ಡ್ರೈವರಿಗೂ ಸ್ವರ ಹಂಚುವ ಸರ್ಕ್ಯೂಟ್) ನೆನಪಿರಲಿ. 16 ಓಮ್‌ಗೆ 12.4 ಮೈಕ್ರೊಫ್ಯಾರಡ್ ಸರಣಿ ಕೆಪಾಸಿಟರ್ 800 ಹರ್ಟ್ಸ್‌ನಲ್ಲಿ ಕತ್ತರಿಸುತ್ತದೆ. ಅದೇ ಜಾಗಕ್ಕೆ 8 ಓಮ್ ಡಯಾಫ್ರಮ್ ಬಂದರೆ ಕತ್ತರಿ 1600ಕ್ಕೆ ಹೋಗಿ, ನಡುವೆ ಹಾಡುವವರ ಕಂಠವೇ ತೆಳ್ಳಗಾಗುತ್ತದೆ. ಲೆಕ್ಕ ಸುಲಭ: 1,59,000ವನ್ನು ಓಮ್‌ನಿಂದಲೂ ಮೈಕ್ರೊಫ್ಯಾರಡ್‌ನಿಂದಲೂ ಭಾಗಿಸಿದರೆ ಹರ್ಟ್ಸ್.

ನುಡಿಸುವ ಮುಂಚೆ

ಹಾರ್ನ್ ಯಾವುದೋ ಅದೇ ಕೆಳಗಿನ ಗಡಿ. ಆಲ್ಟೆಕ್ 511ಬಿ ಹಾರ್ನ್ 500 ಹರ್ಟ್ಸ್‌ಗೆ, 811ಬಿ 800ಕ್ಕೆ. ಆ ಗಡಿಯ ಕೆಳಗೆ ಡ್ರೈವರಿಗೆ ಸದ್ದು ಕೊಡಬಾರದು: ಅದೇ ಜೋರಿಗೆ ಫ್ರೀಕ್ವೆನ್ಸಿ ಇಳಿದಂತೆ ಡೋಮ್‌ನ ಓಡಾಟ ಏರುತ್ತ ಹೋಗುತ್ತದೆ. ಡ್ರೈವರಿಗೂ ಹಾರ್ನ್‌ಗೂ ನಡುವಿನ ಗ್ಯಾಸ್ಕೆಟ್‌ನ ರಂಧ್ರ ಬಾಯಿಯ ಅಳತೆಗೆ ಸರಿಯಾಗಿ 25.4 ಮಿ.ಮೀ. ಇರಲಿ, ರಬ್ಬರ್ ಒಳಗೆ ಚಾಚಿದರೆ ಮೇಲಿನ ಸ್ವರಗಳು ಕೆಡುತ್ತವೆ. 511ಬಿ ಎರಕದ ಅಲ್ಯೂಮಿನಿಯಂ. ಬೆರಳಲ್ಲಿ ಬಡಿದರೆ ಗಂಟೆಯಂತೆ ನಾದ ಬಿಡುತ್ತದೆ. ಕಾರಿನ ಬಾಗಿಲಿಗೆ ಅಂಟಿಸುವ ಬ್ಯುಟೈಲ್ ಹಾಳೆ ಹೊರಮೈಗೆ ಹಚ್ಚಿದರೆ ಅದು ಅಡಗುತ್ತದೆ. 375ರಂಥದ್ದು 11 ಕಿಲೋ ಮೀರುತ್ತದೆ, ಅದರ ಭಾರ ಹಾರ್ನ್‌ನ ಬೋಲ್ಟಿನ ಮೇಲೆ ಬೀಳದಂತೆ ಕೆಳಗೆ ಮರದ ಆಸರೆ ಕೊಡಿ.

ಆಕ್ಟಿವ್ ಕ್ರಾಸ್‌ಓವರ್ ಹಾಕಿ ಡ್ರೈವರಿಗೇ ಪ್ರತ್ಯೇಕ ಆಂಪ್ಲಿಫೈಯರ್ ಕೊಡುವವರು ಕಾಪಾಡುವ ಕೆಪಾಸಿಟರ್ ಬಿಡಬಾರದು. ಆಂಪ್ ಆನ್ ಮಾಡುವಾಗಿನ ಒಂದೇ ಧಡ್ ಸದ್ದು ಡಯಾಫ್ರಮ್ ತೆಗೆದುಕೊಂಡು ಹೋಗಬಹುದು. ಕ್ರಾಸ್‌ಓವರ್‌ನ ಅರ್ಧ ಫ್ರೀಕ್ವೆನ್ಸಿ ಲೆಕ್ಕ ಹಿಡಿಯಿರಿ: 800 ಹರ್ಟ್ಸ್‌ಗೆ 8 ಓಮ್ ಡ್ರೈವರಾದರೆ 50, 16 ಓಮ್‌ಗೆ 25 ಮೈಕ್ರೊಫ್ಯಾರಡ್. ದುಬಾರಿ ಆಡಿಯೊ ಕೆಪಾಸಿಟರ್ ಬೇಕಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಊರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಾಗಲಿ ಸಿಗುವ 440 ವೋಲ್ಟಿನ ಮೋಟಾರ್ ರನ್ ಕೆಪಾಸಿಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟಾರ್ಟ್ ಕೆಪಾಸಿಟರ್ ಕೇಳಬೇಡಿ, ಅದು ಬೇರೆ ಜಾತಿ.

ಡ್ರೈವರ್ ಜೋರು, ವೂಫರ್ ಮೆತ್ತಗೆ. ಸಾಮಾನ್ಯವಾಗಿ 8ರಿಂದ 12 ಡೆಸಿಬೆಲ್ ತಗ್ಗಿಸಬೇಕಾಗುತ್ತದೆ. 8 ಓಮ್‌ಗೆ 10 ಡೆಸಿಬೆಲ್ ಇಳಿಸಲು ಸರಣಿಯಲ್ಲಿ 5.6 ಓಮ್, ಡ್ರೈವರಿಗೆ ಸಮಾಂತರವಾಗಿ 3.9 ಓಮ್, ಎರಡೂ 10 ವಾಟ್‌ನ ಸಿಮೆಂಟ್ ರೆಸಿಸ್ಟರ್. 16 ಓಮ್‌ಗೆ ಎರಡೂ ಇಮ್ಮಡಿ.

ಇಷ್ಟಾದ ಮೇಲೂ ‘ಟ್ರೆಬಲ್ ಸಾಲದು’ ಅನ್ನಿಸಿದರೆ ಡ್ರೈವರನ್ನು ಮತ್ತೆ ಬಿಚ್ಚಬೇಡಿ. ಈ ಡೋಮ್‌ಗಳ ಶಕ್ತಿ ಸುಮಾರು 3000 ಹರ್ಟ್ಸ್ ದಾಟಿದ ಮೇಲೆ ತಾನಾಗಿ ಇಳಿಯುತ್ತ ಹೋಗುತ್ತದೆ. ಹಳೆಯ ಹಾರ್ನ್‌ಗಳು ಮೇಲಿನ ಸ್ವರವನ್ನು ನೇರ ಮುಂದಕ್ಕೆ ಕಿರಿದಾಗಿ ಬಿಡುವುದರಿಂದ ನಡುವೆ ಕೂತವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಸಿನಿಮಾ ಮಂದಿರಗಳಲ್ಲಂತೂ 1938ರ ಅಕಾಡೆಮಿ ಕರ್ವ್ ಎಂಬ ಧ್ವನಿ ಮಾನದಂಡ ಟ್ರೆಬಲ್ಲನ್ನು ಮೊದಲೇ ಕತ್ತರಿಸಿಬಿಡುತ್ತಿತ್ತು. 7000 ಹರ್ಟ್ಸ್ ಮೇಲೆ ಜೆಬಿಎಲ್ 075ರಂಥ ಟ್ವೀಟರ್ ಸೇರಿಸುವುದೇ ದಾರಿ.

ಪೊಲ್ಯಾರಿಟಿಗೆ ಕೆಂಪು ಟರ್ಮಿನಲ್ ನಂಬಬೇಡಿ. ಹಳೆಯ ಜೆಬಿಎಲ್ ವೂಫರುಗಳಲ್ಲಿ ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಕ್ಕೆ ಹೋಗುತ್ತದೆ, ಇಂದಿನ ಪದ್ಧತಿಗೆ ತದ್ವಿರುದ್ಧ. ವೂಫರ್, ಹಾರ್ನ್ ಎರಡನ್ನೂ ಓಡಿಸಿ, ಕ್ರಾಸ್‌ಓವರ್ ಫ್ರೀಕ್ವೆನ್ಸಿಯದೇ ಟೋನ್ ಹಾಕಿ, ಕೂತು ಕೇಳುವ ಜಾಗದಲ್ಲಿ ಮೈಕ್ ಇಟ್ಟು, ಡ್ರೈವರಿನ ವೈರು ಅದಲುಬದಲು ಮಾಡಿ ಅಳೆಯಿರಿ. ಸದ್ದು ಹೆಚ್ಚು ಕುಸಿಯುವ ಜೋಡಣೆ ಯಾವುದೋ ಅದರ ಉಲ್ಟಾ ಇಟ್ಟುಕೊಳ್ಳಿ. ಎಡ, ಬಲ ಎರಡಕ್ಕೂ ಪ್ರತ್ಯೇಕವಾಗಿ ಮಾಡಿ, ಹಳೆಯ ಜೋಡಿಗಳಲ್ಲಿ ಒಂದರ ಡಯಾಫ್ರಮ್ ತಿರುವಿ ಕೂರಿಸಿರುವುದು ಹೊಸತೇನಲ್ಲ.

ಬಳಸದೆ ಎತ್ತಿಡುವುದಾದರೆ ಬಾಯಿಗೆ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಜತೆ ಜಿಪ್ ಚೀಲದಲ್ಲಿಡಿ. ಕರಾವಳಿಯ ಮಳೆಗಾಲದಲ್ಲಿ ಇದು ಕಡ್ಡಾಯ, ಇಲ್ಲದಿದ್ದರೆ ಗ್ಯಾಪಿನ ಅಂಚಿಗೆ ತುಕ್ಕು, ಅಲ್ಯೂಮಿನಿಯಂ ಎಳೆಗಳ ಮೇಲೆ ಬಿಳಿ ಪುಡಿ. ಕೊರಿಯರ್‌ನಲ್ಲಿ ಕಳಿಸುವಾಗ ಒಂದು ಪೆಟ್ಟಿಗೆಗೆ ಒಂದೇ ಡ್ರೈವರ್, ಸುತ್ತ ಗಟ್ಟಿ ಫೋಮ್, ಹೊರಗೆ ಎರಡನೆಯ ಪೆಟ್ಟಿಗೆ. ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದರೆ ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದುಕೊಂಡೇ ಬರುತ್ತವೆ.